ಇಂಟರ್‌ಸೆಪ್ಟರ್ 650: ಡೈನೋ ಟ್ಯೂನ್ ಮಾಡಿಸಿ ಎರಡು ವರ್ಷ ಓಡಿಸಿದ ಮೇಲೆ

ಇಸಿಯು (ಇಂಜಿನ್ನಿಗೆ ಪೆಟ್ರೋಲ್, ಕಿಡಿ ಎರಡನ್ನೂ ಲೆಕ್ಕ ಹಾಕಿ ಕೊಡುವ ಪುಟ್ಟ ಕಂಪ್ಯೂಟರ್) ಟ್ಯೂನ್ ಮಾಡಿಸಿದ ಮೇಲೆ ಟಾಪ್ ಸ್ಪೀಡ್ ಎಷ್ಟು ಜಾಸ್ತಿ ಆಯ್ತು ಅಂತ ಎಲ್ಲರೂ ಕೇಳುತ್ತಾರೆ. ನಾನು ನೋಡಲು ಹೋಗಿಲ್ಲ, ನೋಡುವಂಥ ರಸ್ತೆಯೂ ಇಲ್ಲಿಲ್ಲ. ಟ್ರಾಫಿಕ್ ಹಿಂದೆ ಎರಡನೇ ಗೇರಿನಲ್ಲಿ ನಿಧಾನಕ್ಕೆ ಹೋಗುವಾಗ ಗಾಡಿ ಎಳೆದು ಬಿಟ್ಟು, ಎಳೆದು ಬಿಟ್ಟು ಮಾಡುತ್ತಿತ್ತು, ಅದು ಹೋಯಿತು. ನಾನು ದುಡ್ಡು ಕೊಟ್ಟಿದ್ದು ಅದಕ್ಕೇ. ಎರಡು ವರ್ಷಕ್ಕೂ ಮೇಲಾಯಿತು, ನಡುವೆ ಒಂದು ಸಲ ಬಿಟ್ಟರೆ (ಆ ಕತೆ ಮುಂದೆ ಬರುತ್ತದೆ) ಆ ಜರ್ಕ್ ತಿರುಗಿ ಬಂದಿಲ್ಲ.

ಗಾಡಿ 2021ರ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್. 648 ಸಿಸಿ, ಎರಡು ಸಿಲಿಂಡರ್, ಕಂಪನಿ ಲೆಕ್ಕದಲ್ಲಿ 47 ಬಿಎಚ್‌ಪಿ, 52 ಎನ್‌ಎಂ ಟಾರ್ಕ್. ಶೋರೂಂನಿಂದ ಬಂದ ಹಾಗೇ ಇದ್ದಾಗ ದೂರುವಂಥದ್ದು ಏನೂ ಇರಲಿಲ್ಲ. ಆಮೇಲೆ ಎರಡೂ ಸೈಲೆನ್ಸರ್ ಬದಲಾಯಿಸಿದೆ, ಏರ್ ಫಿಲ್ಟರ್ ಬೇರೆ ಹಾಕಿಸಿದೆ. ಸದ್ದು ಚೆನ್ನಾಗಿ ಬಂತು. ಅದರ ಹಿಂದೆಯೇ ಮಿಕ್ಕಿದ್ದೂ ಬಂತು: ಎಕ್ಸಲರೇಟರ್ ಬಿಟ್ಟರೆ ಸೈಲೆನ್ಸರ್‌ನಲ್ಲಿ ಪಟಪಟ, ಸಿಗ್ನಲ್‌ನಲ್ಲಿ ನಿಂತರೆ ಕಾಲಿಗೆ ಮೊದಲಿಗಿಂತ ಜಾಸ್ತಿ ಬಿಸಿ, 2000ದಿಂದ 3000 ಆರ್‌ಪಿಎಂ ನಡುವೆ ಆ ಜರ್ಕ್. ಬಿಎಸ್6 ಬಂದ ಮೇಲೆ ಹೊಗೆ ನಿಯಮಕ್ಕೋಸ್ಕರ ಎಲ್ಲ ಕಂಪನಿಗಳೂ ಪೆಟ್ರೋಲನ್ನು ಅಳೆದು ತೂಗಿ ಕೊಡುತ್ತವೆ. ನಾವು ಗಾಳಿಯ ದಾರಿ ದೊಡ್ಡದು ಮಾಡಿದರೆ ಒಳಗೆ ಹೋಗುವ ಗಾಳಿ ಜಾಸ್ತಿಯಾಗುತ್ತದೆ, ಪೆಟ್ರೋಲ್ ಮಾತ್ರ ಹಳೇ ಲೆಕ್ಕದಲ್ಲೇ ಬೀಳುತ್ತಿರುತ್ತದೆ.

ಆ ಲೆಕ್ಕ ಇರುವುದು ಇಸಿಯು ಒಳಗೆ. ಒಂದು ದೊಡ್ಡ ಮಗ್ಗಿ ಪುಸ್ತಕ ಅಂದುಕೊಳ್ಳಿ. ಒಂದು ಕಡೆ ಆರ್‌ಪಿಎಂ, ಇನ್ನೊಂದು ಕಡೆ ಥ್ರಾಟಲ್ (ಎಕ್ಸಲರೇಟರ್ ತಿರುವಿದಾಗ ತೆರೆಯುವ ಗಾಳಿಯ ಬಾಗಿಲು) ಎಷ್ಟು ತೆರೆದಿದೆ ಅನ್ನುವುದು, ಎರಡೂ ಸೇರುವ ಮನೆಯಲ್ಲಿ ಪೆಟ್ರೋಲ್ ಎಷ್ಟು ಬೀಳಬೇಕು ಅಂತ ಒಂದು ಸಂಖ್ಯೆ. ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ಇದನ್ನು ಸ್ವಲ್ಪ ತಿದ್ದುತ್ತದೆ, ಸುಳ್ಳಲ್ಲ. ಆದರೆ ಗಾಡಿ ಜೊತೆ ಬರುವುದು ನ್ಯಾರೋಬ್ಯಾಂಡ್ ಸೆನ್ಸರ್. ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಅನ್ನುವ ಗೆರೆಯ ಆಚೆ ಇದ್ದೀಯೋ ಈಚೆ ಇದ್ದೀಯೋ ಅಂತ ಅದು ಹೇಳುತ್ತದೆ, ಎಷ್ಟು ಆಚೆ ಅಂತ ಹೇಳಲು ಅದಕ್ಕೆ ಆಗುವುದಿಲ್ಲ. ಅದೂ ಒಂದೇ ವೇಗದಲ್ಲಿ ಆರಾಮಾಗಿ ಹೋಗುವಾಗಿನ ಮಾತು. ಜೋರಾಗಿ ತಿರುವಿದರೆ ಇಸಿಯು ಸೆನ್ಸರ್ ಕಡೆ ತಿರುಗಿಯೂ ನೋಡುವುದಿಲ್ಲ, ನೇರ ಪುಸ್ತಕ ನೋಡಿ ಪೆಟ್ರೋಲ್ ಬಿಡುತ್ತದೆ. ಫುಲ್ ಥ್ರಾಟಲ್‌ನಲ್ಲಿ ಒಳ್ಳೆ ಪವರ್ ಬರಬೇಕಾದರೆ ಗಾಳಿ 13ರ ಆಸುಪಾಸು ಇರಬೇಕು. ಅಲ್ಲಿಗೆ ತಂದು ನಿಲ್ಲಿಸಲು, ಎಷ್ಟು ಆಚೆ ಎಷ್ಟು ಈಚೆ ಅಂತಲೂ ಅಳೆದು ಹೇಳುವ ವೈಡ್‌ಬ್ಯಾಂಡ್ ಸೆನ್ಸರ್ ಬೇಕು, ಗಾಡಿಯನ್ನು ಕಟ್ಟಿ ಓಡಿಸುವ ಜಾಗ ಬೇಕು. ಅದೇ ಡೈನೋ.

ಬೆಂಗಳೂರಿನಲ್ಲಿ ಈ ಕೆಲಸ ಮಾಡುವವರಿಗೆ ಕೊರತೆ ಇಲ್ಲ. ಮೊದಲು ವಿಚಾರಿಸಿದ ಕಡೆ (ಹೆಸರು ಬೇಡ) ಗಾಡಿ ನೋಡುವ ಮುಂಚೆಯೇ ರೇಟು ಹೇಳಿ, ಅರ್ಧ ಗಂಟೆಯಲ್ಲಿ ಆಗಿಹೋಗುತ್ತದೆ ಅಂದರು. ಅರ್ಧ ಗಂಟೆಯಲ್ಲಿ ಆಗುವುದು ರೆಡಿ ಮ್ಯಾಪ್ (ಆ ಮಗ್ಗಿ ಪುಸ್ತಕಕ್ಕೆ ಇವರಿಡುವ ಹೆಸರು) ತುಂಬುವ ಕೆಲಸ. ಬೇರೆ ಯಾರದೋ ಗಾಡಿಯಲ್ಲಿ ಮಾಡಿದ ಫೈಲನ್ನು ನಿಮ್ಮದಕ್ಕೆ ಹಾಕಿ, ಡೈನೋ ಮೇಲೆ ಒಮ್ಮೆ ಎಳೆದು, ಪ್ರಿಂಟ್ ಕೊಟ್ಟು ಕಳಿಸುತ್ತಾರೆ. ಕೆಲವು ಗಾಡಿಗೆ ಅದು ಸಾಕಾಗಲೂಬಹುದು. ನನಗೆ ಬೇಡ ಅನ್ನಿಸಿತು. ಎರಡನೇ ಕಡೆ ಹೋದಾಗ ಟ್ಯೂನರ್ ಕೇಳಿದ ಮೊದಲ ಪ್ರಶ್ನೆ, "ಸರ್, ಜಾಸ್ತಿ ಎಲ್ಲಿ ಓಡಿಸ್ತೀರ?" ಆಫೀಸಿಗೆ ಹೊಸೂರು ರೋಡು, ರಜೆ ಸಿಕ್ಕರೆ ಘಾಟಿ ಅಂದೆ. ಹಾಗಾದರೆ ಮುಕ್ಕಾಲು ದಿನ ಗಾಡಿ ಇಲ್ಲೇ ಇರಬೇಕು ಅಂದರು. ಅಲ್ಲೇ ಮಾಡಿಸಿದೆ.

ಡೈನೋ ಕೆಲಸ ನೋಡದವರಿಗೆ ಸ್ವಲ್ಪ ವಿವರ. ಮುಂದಿನ ಚಕ್ರವನ್ನು ಕ್ಲ್ಯಾಂಪಿನಲ್ಲಿ ಸಿಗಿಸಿ ನಾಲ್ಕೂ ಕಡೆ ಬೆಲ್ಟ್ ಬಿಗಿಯುತ್ತಾರೆ. ಹಿಂದಿನ ಚಕ್ರ ಭಾರದ ಉಕ್ಕಿನ ಡ್ರಮ್ ಮೇಲೆ ಕೂರುತ್ತದೆ. ಆ ಡ್ರಮ್ಮನ್ನು ಗಾಡಿ ಎಷ್ಟು ಬೇಗ ತಿರುಗಿಸುತ್ತದೆ ಅನ್ನುವುದರಿಂದ ಪವರ್ ಲೆಕ್ಕ ಸಿಗುತ್ತದೆ. ಎದುರಿಗೆ ದೊಡ್ಡ ಫ್ಯಾನ್ ಇರಬೇಕು, ಇಂಟರ್‌ಸೆಪ್ಟರ್‌ಗಂತೂ ಬೇಕೇ ಬೇಕು, ರೇಡಿಯೇಟರ್ ಇಲ್ಲದ ಗಾಡಿ, ನಿಂತಲ್ಲೇ ಎಳೆದರೆ ಬಿಸಿಯಾಗಿ ನಂಬರ್ ಇಳಿಯುತ್ತಾ ಹೋಗುತ್ತದೆ. ಟೈರ್ ಗಾಳಿ ಕಡಿಮೆ ಇದ್ದರೂ, ಚೈನ್ ಒಣಗಿದ್ದರೂ ನಂಬರ್ ಬೀಳುತ್ತದೆ. ಇವರು ಮೊದಲು ಅವೆರಡನ್ನೂ ನೋಡಿದರು. ನನಗೆ ನಂಬಿಕೆ ಬಂದಿದ್ದು ಅಲ್ಲಿ.

ಎಲ್ಲರೂ ವಿಡಿಯೋ ತೆಗೆಯುವುದು ಫುಲ್ ಥ್ರಾಟಲ್ ಎಳೆತವನ್ನು. ಸದ್ದು, ಟೈರ್ ವಾಸನೆ, ಪರದೆ ಮೇಲೆ ಏರುವ ಗೆರೆ, ಎಲ್ಲಾ ಚೆಂದ. ಆದರೆ ದಿನಾ ಓಡಿಸುವಾಗ ಫುಲ್ ಥ್ರಾಟಲ್ ಎಷ್ಟು ಸಲ ಕೊಡುತ್ತೇವೆ ಹೇಳಿ? ನನ್ನ ಕೆಲಸದಲ್ಲಿ ಹೊತ್ತು ಹೋಗಿದ್ದು ಬೇರೆ ಕಡೆ. ಆ ಡ್ರಮ್ಮಿಗೆ ಬ್ರೇಕ್ ಇತ್ತು. ಗಾಡಿಯನ್ನು 2500 ಆರ್‌ಪಿಎಂನಲ್ಲಿ ಹಿಡಿದು ನಿಲ್ಲಿಸಿ, ಥ್ರಾಟಲ್ 5 ಶೇಕಡಾ, 10 ಶೇಕಡಾ, 20 ಶೇಕಡಾ ಅಂತ ತೆರೆದು, ಪ್ರತಿ ಮನೆಯಲ್ಲೂ ವೈಡ್‌ಬ್ಯಾಂಡ್ ಏನು ಹೇಳುತ್ತದೆ ನೋಡಿ ಸಂಖ್ಯೆ ತಿದ್ದುವುದು. ಆಮೇಲೆ 3000. ಆಮೇಲೆ 3500. ನೋಡುವವರಿಗೆ ಬೋರ್ ಹೊಡೆಸುವ ಕೆಲಸ, ಗಾಡಿ ಒಂದೇ ಸಮ ಗುಂಯ್ ಅನ್ನುತ್ತಿರುತ್ತದೆ. ಆದರೆ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವಾಗ ಗಾಡಿ ಇರುವುದು ಇದೇ ಮನೆಗಳಲ್ಲಿ. ಡೈನೋಗೆ ಬ್ರೇಕ್ ಇದೆಯಾ, ಪಾರ್ಟ್ ಥ್ರಾಟಲ್ (ಥ್ರಾಟಲ್ ಸ್ವಲ್ಪ ಸ್ವಲ್ಪವೇ ತೆರೆದು ತಿದ್ದುವುದು) ಮಾಡುತ್ತೀರಾ ಅಂತ ಕೇಳದೆ ಯಾರೂ ದುಡ್ಡು ಕೊಡಬೇಡಿ.

ಈಗ ನಂಬರ್. ಮೊದಲು ಚಕ್ರದಲ್ಲಿ 39 ಬಿಎಚ್‌ಪಿ ಹತ್ತಿರ ತೋರಿಸಿತು, ಟ್ಯೂನ್ ಆದ ಮೇಲೆ 42 ದಾಟಿತು. 47 ಎಲ್ಲಿ ಹೋಯಿತು ಅಂತ ಗಾಬರಿ ಬೀಳಬೇಡಿ. ಕಂಪನಿ ಹೇಳುವುದು ಕ್ರ್ಯಾಂಕ್‌ನಲ್ಲಿ, ಅಂದರೆ ಇಂಜಿನ್ ಹತ್ತಿರವೇ ಅಳೆದ ಪವರ್. ಗೇರ್‌ಬಾಕ್ಸ್, ಚೈನ್, ಟೈರ್ ದಾಟಿ ಬರುವಷ್ಟರಲ್ಲಿ ಹತ್ತು ಹದಿನೈದು ಶೇಕಡಾ ಸವೆಯುತ್ತದೆ.

ಇದರಲ್ಲಿ ಇನ್ನೊಂದು ಮಜಾ ಇದೆ. ನಮ್ಮ ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮಂಗಳೂರಿಗಿಂತ ಇಲ್ಲಿ ಗಾಳಿಯ ಒತ್ತಡ ಹತ್ತು ಶೇಕಡಾ ಹತ್ತಿರ ಕಡಿಮೆ, ಟರ್ಬೊ ಇಲ್ಲದ ಇಂಜಿನ್ನಿನ ಪವರೂ ಹೆಚ್ಚುಕಮ್ಮಿ ಅಷ್ಟೇ ಕಡಿಮೆ. ಡೈನೋ ಸಾಫ್ಟ್‌ವೇರ್ ಅವತ್ತಿನ ಒತ್ತಡ, ಬಿಸಿ, ತೇವ ನೋಡಿ ಅದನ್ನು ಗುಣಿಸಿ ಸರಿಮಾಡಿ ತೋರಿಸುತ್ತದೆ. ಅಂದರೆ ಪ್ರಿಂಟ್‌ನಲ್ಲಿರುವ 42 ಇಲ್ಲಿ ಹೊಸೂರು ರೋಡಿನಲ್ಲಿ ನಿಮಗೆ ಸಿಗುತ್ತಿಲ್ಲ. ಇನ್ನೂ ಒಂದು, ಸರಿಮಾಡುವ ಲೆಕ್ಕವೂ ಒಂದೇ ಅಲ್ಲ. ಎಸ್‌ಎಇ ಅಂತ ಒಂದು, ಎಸ್‌ಟಿಡಿ ಅಂತ ಇನ್ನೊಂದು. ಅದೇ ಗಾಡಿ, ಅದೇ ಎಳೆತ, ಬಟನ್ ಬದಲಾಯಿಸಿದರೆ ಎಸ್‌ಟಿಡಿಯಲ್ಲಿ ಮೂರು ನಾಲ್ಕು ಶೇಕಡಾ ಜಾಸ್ತಿ ತೋರಿಸುತ್ತದೆ. ಆದ್ದರಿಂದ ಗೆಳೆಯನ ಪ್ರಿಂಟ್ ಪಕ್ಕ ನಿಮ್ಮ ಪ್ರಿಂಟ್ ಇಟ್ಟುಕೊಂಡು ಜಗಳ ಆಡುವುದು ದಂಡ. ಅದೇ ಡೈನೋ, ಅದೇ ದಿನ, ಅದೇ ಲೆಕ್ಕದಲ್ಲಿ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು, ಅದನ್ನಷ್ಟೇ ನೋಡಿ. ಪ್ರಿಂಟ್‌ನ ಮೂಲೆಯಲ್ಲಿ ಯಾವ ಲೆಕ್ಕ ಅಂತ ಸಣ್ಣದಾಗಿ ಬರೆದಿರುತ್ತದೆ.

ಟ್ಯೂನರ್ ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಹೊತ್ತು) ಜಾಸ್ತಿ ಮುಟ್ಟಲಿಲ್ಲ. ಈ ಇಂಜಿನ್ನಿನ ಕಂಪ್ರೆಷನ್ 9.5ಕ್ಕೆ 1, ತಣ್ಣನೆಯ ಸ್ವಭಾವದ್ದು. ಲೀಟರಿಗೆ 150 ರೂಪಾಯಿ ದಾಟುವ 100 ಆಕ್ಟೇನ್ ಪೆಟ್ರೋಲ್ ಹಾಕಿ ಏನೋ ಆಗುತ್ತದೆ ಅಂದುಕೊಳ್ಳುವವರನ್ನು ನೋಡಿದ್ದೇನೆ, ಅದಕ್ಕೆಂದೇ ಮ್ಯಾಪ್ ಮಾಡಿಸದಿದ್ದರೆ ಸುಮ್ನೆ ದುಡ್ಡು ದಂಡ. ಹಾಗೇ "ಪಾಪ್ಸ್ ಅಂಡ್ ಬ್ಯಾಂಗ್ಸ್ ಹಾಕ್ಲಾ ಸರ್" ಅಂತಲೂ ಕೇಳಿದರು. ಎಕ್ಸಲರೇಟರ್ ಬಿಟ್ಟಾಗ ಬೇಕಂತಲೇ ಪೆಟ್ರೋಲ್ ಸುರಿದು, ಕಿಡಿಯನ್ನು ತಡ ಮಾಡಿ ಸೈಲೆನ್ಸರ್ ಒಳಗೆ ಪಟಾಕಿ ಹೊಡೆಸುವುದು. ಎಕ್ಸಾಸ್ಟ್ ವಾಲ್ವಿಗೂ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೂ ಬಿಸಿ, ಬೀದಿಯವರಿಗೆ ತಲೆನೋವು. ನಾನು ಹೋಗಿದ್ದೇ ಪಟಪಟ ನಿಲ್ಲಿಸಲು!

ಇನ್ನು ಓಡಿಸಿದ್ದರ ಬಗ್ಗೆ. ಮೊದಲ ವಾರ ಗಾಡಿ ಬೇರೆಯದೇ ಅನ್ನಿಸಿತು, ಆ ಖುಷಿ ಬೇಗ ಇಳಿಯುತ್ತದೆ, ಅಭ್ಯಾಸ ಆಗಿಬಿಡುತ್ತದೆ. ಉಳಿದಿರುವುದು ನಯ. 40ರಲ್ಲಿ ಮೂರನೇ ಗೇರಿನಲ್ಲಿ ಇದ್ದು ಹಾಗೇ ತಿರುವಿದರೆ ಗೊಣಗದೆ ಎಳೆಯುತ್ತದೆ. ಚಾರ್ಮಾಡಿಯ ತಿರುವುಗಳಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಎಕ್ಸಲರೇಟರ್ ಮುಚ್ಚಿ ತಿರುಗಿ ಮತ್ತೆ ತೆರೆಯುವಾಗ ಮೊದಲು ಒಂದು ಕುಲುಕು ಇತ್ತು, ಗಾಡಿ ಗೆರೆ ಬಿಟ್ಟು ಸ್ವಲ್ಪ ಹೊರಗೆ ಹೋಗುತ್ತಿತ್ತು, ಈಗಿಲ್ಲ. ಹಿಂದೆ ಕೂರುವ ಮನೆಯವರು ಹೆಲ್ಮೆಟ್ಟಿಗೆ ಹೆಲ್ಮೆಟ್ ಬಡಿಯುವುದು ಕಡಿಮೆಯಾಗಿದೆ ಅಂದರು. ಅವರಿಗೆ ಟ್ಯೂನ್ ವಿಷಯ ಹೇಳಿರಲಿಲ್ಲ, ರೇಟು ಇನ್ನೂ ಹೇಳಿಲ್ಲ.

ಎತ್ತರ ಬದಲಾದರೆ ಮ್ಯಾಪ್ ಏನಾಗುತ್ತದೋ ಅಂತ ಅನುಮಾನ ಇತ್ತು. ಮುಳ್ಳಯ್ಯನಗಿರಿ ಕಡೆ 1900 ಮೀಟರ್ ಹತ್ತಿರದವರೆಗೂ ಹತ್ತಿಸಿದ್ದೇನೆ, ಶಿರಾಡಿ ಇಳಿದು ಮಂಗಳೂರಿನ ದಡಕ್ಕೂ ಹೋಗಿದ್ದೇನೆ. ಮೇಲೆ ಪವರ್ ಕಡಿಮೆ, ಕೆಳಗೆ ಜಾಸ್ತಿ, ಅದು ಗಾಳಿಯ ಲೆಕ್ಕ, ಯಾರೂ ಏನೂ ಮಾಡಲಾಗದು. ಆದರೆ ಐಡಲಿಂಗ್ ಎರಡೂ ಕಡೆ ಒಂದೇ ಥರ, ಬೆಳಗಿನ ಚಳಿಯಲ್ಲೂ ಒಂದೇ ಸಲಕ್ಕೆ ಸ್ಟಾರ್ಟ್. ಇಸಿಯುಗೆ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಮೊದಲೇ ಇದೆ. ಟ್ಯೂನ್ ಮಾಡುವವರು ಆ ಭಾಗ ಮುಟ್ಟದಿದ್ದರೆ ಸಾಕು.

ಮೈಲೇಜ್? ಸಿಟಿಯಲ್ಲಿ ಒಂದೂವರೆ ಕಿಲೋಮೀಟರಿನಷ್ಟು ಕಡಿಮೆಯಾಗಿದೆ, ಹೈವೇಯಲ್ಲಿ ವ್ಯತ್ಯಾಸ ಕಂಡಿಲ್ಲ. ಕಾಲಿಗೆ ಬಿಸಿ ಕಡಿಮೆಯಾಗಿದೆ, ಆದರೆ ಏಪ್ರಿಲ್‌ನಲ್ಲಿ ಸಿಗ್ನಲ್ ಹತ್ತಿರ ನಿಂತರೆ ಬೇಯುವುದು ಬೇಯುವುದೇ.

ಎರಡು ವರ್ಷದಲ್ಲಿ ನಿಜವಾಗಿ ಬದಲಾಗಿದ್ದು ಪೆಟ್ರೋಲ್. ಟ್ಯೂನ್ ಮಾಡಿಸಿದಾಗ ಬಂಕಿನಲ್ಲಿ ಸಿಗುತ್ತಿದ್ದುದು ಇ10 (ಹತ್ತು ಶೇಕಡಾ ಎಥನಾಲ್ ಬೆರೆಸಿದ್ದು), ಈಗ ಎಲ್ಲಿ ನೋಡಿದರೂ ಇಪ್ಪತ್ತು ಶೇಕಡಾ ಬೆರೆಸಿದ ಇ20. 2023ರ ಫೆಬ್ರವರಿಯಲ್ಲಿ ಅದನ್ನು ಶುರು ಮಾಡಿದ್ದೂ ನಮ್ಮ ಬೆಂಗಳೂರಿನಲ್ಲೇ. ಎಥನಾಲ್ ಉರಿಯಲು ಕಡಿಮೆ ಗಾಳಿ ಸಾಕು. ಆ 14.7ರ ಗೆರೆ ಇ20ಯಲ್ಲಿ 13.5ರ ಹತ್ತಿರಕ್ಕೆ ಇಳಿಯುತ್ತದೆ. ಅಂದರೆ ಅಷ್ಟೇ ಗಾಳಿಗೆ ಪೆಟ್ರೋಲ್ ಜಾಸ್ತಿ ಬೇಕು, ಹಳೇ ಮ್ಯಾಪ್‌ನಲ್ಲಿ ಅದು ಸ್ವಲ್ಪ ಕಡಿಮೆ ಬೀಳುತ್ತದೆ. ಇಲ್ಲಿ ನನ್ನ ಟ್ಯೂನರ್ ಮಾಡಿದ ಒಂದು ಒಳ್ಳೆ ಕೆಲಸ ಉಪಯೋಗಕ್ಕೆ ಬಂತು. ಕೆಲವರು ಆಕ್ಸಿಜನ್ ಸೆನ್ಸರನ್ನು ಪೂರ್ತಿ ಆಫ್ ಮಾಡಿಬಿಡುತ್ತಾರೆ, ಅವರಿಗೆ ಕೆಲಸ ಸುಲಭ. ಇವರು ಕ್ರೂಸಿಂಗ್‌ನಲ್ಲಿ ಅದನ್ನು ಹಾಗೇ ಬಿಟ್ಟಿದ್ದರು. ಸೆನ್ಸರ್ ನೋಡುವುದು ಉಳಿದ ಆಕ್ಸಿಜನ್ನನ್ನು, ಯಾವ ಪೆಟ್ರೋಲ್ ಅಂತಲ್ಲ, ಹಾಗಾಗಿ ಇ20 ಬಂದರೂ ನಿಧಾನಕ್ಕೆ ಹೋಗುವಾಗ ತಾನೇ ಸರಿ ಮಾಡಿಕೊಂಡಿತು. ಫುಲ್ ಥ್ರಾಟಲ್ ಮನೆಗಳು ಮಾತ್ರ ಪುಸ್ತಕದ್ದೇ ಲೆಕ್ಕ. ಅದನ್ನು ಮತ್ತೆ ಡೈನೋ ಮೇಲೆ ನೋಡಿ ಸರಿಮಾಡಿಸಿದೆ, ಚಿಕ್ಕ ಖರ್ಚು.

ಜರ್ಕ್ ತಿರುಗಿ ಬಂದ ಕತೆ ಇದು. ಒಂದು ಸರ್ವಿಸ್ ಆದ ಮೇಲೆ ಗೇಟು ದಾಟುವಷ್ಟರಲ್ಲೇ ಗೊತ್ತಾಯಿತು, ಹಳೇ ಗಾಡಿ. ಸರ್ವಿಸ್ ಸೆಂಟರಿನವರು ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿದ್ದರು, ಅದರಿಂದ ನನ್ನ ಮ್ಯಾಪ್ ಅಳಿಸಿಹೋಗಿತ್ತು. ಅವರನ್ನು ಬೈಯುವ ಹಾಗಿಲ್ಲ, ಅಪ್‌ಡೇಟ್ ಹಾಕುವುದು ಅವರ ಕೆಲಸ. ಟ್ಯೂನರ್ ಹತ್ತಿರ ಫೈಲ್ ಇತ್ತು, ಹತ್ತು ನಿಮಿಷದಲ್ಲಿ ತುಂಬಿಸಿ ಕೊಟ್ಟರು, ದುಡ್ಡು ಕೇಳಲಿಲ್ಲ. ಆ ಅಂಗಡಿ ಇಲ್ಲದಿದ್ದರೆ ಏನು ಗತಿ ಅನ್ನಿಸಿ ಸ್ಟಾಕ್ ಫೈಲ್ (ಕಂಪನಿಯಿಂದ ಬಂದದ್ದು), ಟ್ಯೂನ್ ಫೈಲ್ ಎರಡರ ಕಾಪಿಯನ್ನೂ ಕೇಳಿ ಇಸಿದುಕೊಂಡೆ. ಕೆಲವರು ಕೊಡುವುದಿಲ್ಲ, ಮೊದಲೇ ಮಾತಾಡಿಕೊಳ್ಳಿ. ಈ ತಲೆನೋವೇ ಬೇಡ ಅನ್ನುವವರಿಗೆ ಪಿಗ್ಗಿಬ್ಯಾಕ್ ಇದೆ, ಬೆಂಗಳೂರಿನದ್ದೇ ಆದ ಪವರ್‌ಟ್ರಾನಿಕ್ ಥರದ್ದು. ಇಸಿಯು ಒಳಗೆ ಕೈ ಹಾಕದೆ, ವೈರಿಂಗ್ ನಡುವೆ ಕೂತು ಸಿಗ್ನಲ್ ತಿದ್ದುತ್ತದೆ, ಸರ್ವಿಸ್‌ಗೆ ಮುಂಚೆ ಬಿಚ್ಚಿ ಇಡಬಹುದು.

ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಗಾಡಿಯನ್ನು ನಮ್ಮಿಷ್ಟ ಬಂದ ಹಾಗೆ ಬದಲಾಯಿಸುವಂತಿಲ್ಲ. 2019ರ ತಿದ್ದುಪಡಿ ಆದ ಮೇಲೆ ಒಂದೊಂದು ಬದಲಾವಣೆಗೆ 5 ಸಾವಿರ ದಂಡ, ಆರು ತಿಂಗಳವರೆಗೆ ಜೈಲು ಅಂತಲೂ ಇದೆ. ಸೈಲೆನ್ಸರ್ ಸದ್ದು ಮಾಡಿದರೆ ನಮ್ಮ ಪೊಲೀಸರು ಕಿತ್ತು ರೋಡ್ ರೋಲರ್ ಹತ್ತಿಸಿದ್ದನ್ನು ಎಲ್ಲರೂ ನೋಡಿದ್ದೀರಿ. ನನ್ನದರಲ್ಲಿ ಸದ್ದು ತಗ್ಗಿಸುವ ಒಳಗಿನ ಬ್ಯಾಫಲ್ ತೆಗೆಸಿಲ್ಲ, ಕ್ಯಾಟಲಿಟಿಕ್ ಕನ್ವರ್ಟರ್ ಇದೆ, ಎಮಿಷನ್ ಟೆಸ್ಟ್ ಪಾಸಾಗುತ್ತಿದೆ. ಹಾಗಂತ ಕಾನೂನು ನನ್ನ ಕಡೆ ಇದೆ ಅಂತಲ್ಲ. ವಾರಂಟಿ ಇರುವವರು ಎರಡು ಸಲ ಯೋಚಿಸಿ.

ನನಗೆ ಡೈನೋ ಸೇರಿ 20 ಸಾವಿರದ ಆಸುಪಾಸು ಬಿತ್ತು. ಮೊನ್ನೆ ಭಾವಮೈದ ತನ್ನ ಇಂಟರ್‌ಸೆಪ್ಟರ್ ಒಯ್ಯಲಾ ಭಾವ ಅಂತ ಕೇಳಿದ. ಅವನದ್ದು ಸ್ಟಾಕ್ ಸೈಲೆನ್ಸರ್, ಸ್ಟಾಕ್ ಫಿಲ್ಟರ್, ವಾರಂಟಿ ಇನ್ನೂ ಇದೆ. ಬೇಡ ಕಣೋ, ಮೊದಲು ಚೈನ್ ಬಿಗಿ ಮಾಡಿಸು, ಪ್ಲಗ್ ನೋಡಿಸು, ಎಕ್ಸಲರೇಟರ್ ಕೇಬಲ್ಲಿನ ಸಡಿಲ ತೆಗೆಸು ಅಂದೆ. ಚೈನ್ ಜೋತು ಬಿದ್ದಿತ್ತು. ಬಿಗಿ ಮಾಡಿಸಿದ ಮೇಲೆ ಅವನು ಹೇಳುತ್ತಿದ್ದ ಜರ್ಕ್ ಮುಕ್ಕಾಲು ಭಾಗ ಹೋಯಿತಂತೆ. ಮಿಕ್ಕ ಕಾಲು ಭಾಗಕ್ಕೆ 20 ಸಾವಿರ ಕೊಡಬೇಕಾ ಅಂತ ಈಗ ಅವನೇ ಲೆಕ್ಕ ಹಾಕುತ್ತಿದ್ದಾನೆ.