ಹಾಸ್ಪೈಸ್‌ಗೆ ದಾನ: ವಸ್ತುವಿಗೋ, ದಿನದ ಖರ್ಚಿಗೋ?

ಗುಣವಾಗದ ಕಾಯಿಲೆಯವರನ್ನು ಕೊನೆಯವರೆಗೂ ನೋಡಿಕೊಳ್ಳುವ ಹಾಸ್ಪೈಸ್‌ಗೆ ಹಣ ಕೊಡಬೇಕು ಅಂದುಕೊಂಡಿದ್ದೀರಾ? ಎರಡು ದಾರಿ ಇದೆ.

ಒಂದು, ಇಂಥದ್ದಕ್ಕೇ ಅಂತ ಕೊಡುವುದು. ಮಂಚ, ಆಂಬುಲೆನ್ಸ್, ಹೊಸ ಕೋಣೆ. ಕೊಟ್ಟಿದ್ದು ಕಣ್ಣಿಗೆ ಕಾಣುತ್ತದೆ. ಆದರೆ ಆ ಹಣವನ್ನು ಬೇರೆ ಕಡೆ ಬಳಸುವಂತಿಲ್ಲ. ಮಂಚ ಇದ್ದು ನರ್ಸ್ ಇಲ್ಲದಿದ್ದರೆ?

ಇನ್ನೊಂದು, ದಿನದ ಖರ್ಚಿಗೆ ಕೊಡುವುದು. ಇದರಲ್ಲಿ ಜಾಸ್ತಿ ಹೋಗುವುದು ಸಂಬಳಕ್ಕೆ. ಇದನ್ನು ಕೇಳಿ ಕೆಲವರು ಹಿಂಜರಿಯುತ್ತಾರೆ. ಆದರೆ ಇಲ್ಲಿ ಆರೈಕೆ ಅಂದರೆ ಜನರೇ ಅಲ್ವಾ? ನಡುರಾತ್ರಿ ನೋವು ತಡೆಯಲಾಗದಾಗ ಮಾರ್ಫಿನ್ ಕೊಡುವವರು, ಮಗ್ಗುಲು ಬದಲಿಸುವವರು, ಮನೆಗೇ ಬಂದು ನೋಡುವವರು, ಸಾವಿನ ನಂತರ ಮನೆಯವರ ಜೊತೆ ಕೂತು ಮಾತಾಡುವವರು. 1967ರಲ್ಲಿ, ಇಂದಿನ ಹಾಸ್ಪೈಸ್‌ಗಳಿಗೆ ದಾರಿ ಹಾಕಿಕೊಟ್ಟ ವೈದ್ಯೆ ಸಿಸಿಲಿ ಸಾಂಡರ್ಸ್ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದಾಗಲೂ ಈ ಕೆಲಸದ ಜೀವಾಳ ಇದೇ ಆಗಿತ್ತು.

ನನ್ನ ಮನಸ್ಸು ಎರಡನೆಯದರ ಕಡೆಗೆ. ಅದರಲ್ಲೂ ತಿಂಗಳು ತಿಂಗಳು ಸ್ವಲ್ಪ ಕೊಡುವುದು ಒಳ್ಳೆಯದು. ವಿಲ್‌ನಲ್ಲಿ ಬರೆದಿಟ್ಟ ದೊಡ್ಡ ಮೊತ್ತ ಯಾವಾಗ ಕೈಸೇರುತ್ತದೋ ಗೊತ್ತಿರುವುದಿಲ್ಲ. ಸಂಬಳ ಮಾತ್ರ ಪ್ರತಿ ತಿಂಗಳೂ ಕೊಡಲೇಬೇಕು.

ಕೊಡುವ ಮುಂಚೆ ಆಡಿಟ್ ಆದ ಲೆಕ್ಕಪತ್ರ ಕೇಳಿ. ಎಷ್ಟು ತಿಂಗಳ ಖರ್ಚಿಗೆ ಹಣ ಕೂಡಿಟ್ಟಿದ್ದಾರೆ ಅಂತಲೂ ನೋಡಿ.