ನಿತ್ರಾಣ ಕುರಿಮರಿಗೆ ಬಲ್ಬೋ ಪೆಟ್ಟಿಗೆಯೋ, ಬಾಟಲಿಯೋ ನಳಿಗೆಯೋ?

ಹುಟ್ಟಿದ ಮರಿ ಏಳಲಾರದೆ ಮಲಗಿದ್ದರೆ ಹೆಚ್ಚಿನ ಸಲ ಅದಕ್ಕೆ ಬೇಕಾಗಿರುವುದು ಎರಡೇ: ಬಿಸಿ ಮತ್ತು ಹಾಲು. ಆದರೆ ಯಾವುದು ಮೊದಲು, ಯಾವುದರಿಂದ ಕೊಡಬೇಕು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಮ್ಮದು ಚಿಕ್ಕ ಹಿಂಡು. ಒಂದು ಮರಿ ಹೋದರೂ ಗೊತ್ತಾಗುತ್ತದೆ. ಹಾಗಾಗಿ ಮರಿ ಹಾಕುವ ಕಾಲ ಬಂದಾಗಲೆಲ್ಲ ಬೇರೆ ಬೇರೆ ದಾರಿ ಹಿಡಿದು ನೋಡಿದ್ದೇನೆ. ತೀರಾ ಸೋತ ಮರಿಗೆ ಬಿಸಿ ಕೊಡಲು ಬಲ್ಬ್‌ಗಿಂತ ಬಿಸಿಗಾಳಿಯ ಪೆಟ್ಟಿಗೆ ವಾಸಿ, ಹಾಲು ಕೊಡಲು ಬಾಟಲಿಗಿಂತ ಬಾಯಿಯಿಂದ ಹೊಟ್ಟೆಗೆ ಇಳಿಸುವ ನಳಿಗೆ ವಾಸಿ. ಎದ್ದು ನಿಲ್ಲುವ ಮರಿಗೆ ಬಲ್ಬ್ ಮತ್ತು ಬಾಟಲಿಯೇ ಸಾಕು, ಅದಕ್ಕೆ ಅವೇ ಒಳ್ಳೆಯವು.

ಮರಿ ತೀರಾ ಸೋತಿದೆಯೋ ಇಲ್ಲವೋ ಎಂದು ತಿಳಿಯಲು ಕೈಯನ್ನು ನಂಬಬೇಡಿ. ಬಾಯೊಳಗೆ ಬೆರಳಿಟ್ಟಾಗ ತಣ್ಣಗಿದ್ದರೆ ಮರಿಗೆ ಕಷ್ಟವಾಗಿದೆ ಎಂದು ಗೊತ್ತಾಗುತ್ತದೆ, ನಿಜ. ಎಷ್ಟು ಕಷ್ಟ ಎಂದು ಗೊತ್ತಾಗುವುದಿಲ್ಲ. ಗುದದಲ್ಲಿಟ್ಟು ನೋಡುವ ಸಾದಾ ಡಿಜಿಟಲ್ ಥರ್ಮಾಮೀಟರ್ ಒಂದಿದ್ದರೆ ಸಾಕು. ಆರೋಗ್ಯವಾಗಿರುವ ಮರಿಯ ಮೈಬಿಸಿ 39ರಿಂದ 40 ಡಿಗ್ರಿ ಸೆಲ್ಸಿಯಸ್. 37ರಿಂದ 39ರ ನಡುವೆ ಇದ್ದರೆ ಚೆನ್ನಾಗಿ ಒರೆಸಿ, ಹಾಲು ಕುಡಿಸಿ, ಗಾಳಿ ಬೀಸದ ಕಡೆ ತಾಯಿಯ ಜೊತೆ ಬಿಟ್ಟರೆ ಬಹುತೇಕ ಚೇತರಿಸಿಕೊಳ್ಳುತ್ತದೆ. 37ಕ್ಕಿಂತ ಕೆಳಗೆ ಇಳಿದಿದ್ದರೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು: ಮರಿ ಹುಟ್ಟಿ ಎಷ್ಟು ಹೊತ್ತಾಯಿತು?

ಈ ಪ್ರಶ್ನೆ ಸುಮ್ನೆ ಕೇಳುವುದಲ್ಲ. ಮರಿ ಹುಟ್ಟುವಾಗ ಮೈಯಲ್ಲಿ ಒಂದು ಬಗೆಯ ಕಂದು ಕೊಬ್ಬು ಇರುತ್ತದೆ. ಹಾಲು ಸಿಗುವವರೆಗೆ ಅದನ್ನೇ ಉರಿಸಿ ಮೈ ಬಿಸಿ ಇಟ್ಟುಕೊಳ್ಳುತ್ತದೆ. ಹಾಲು ಸಿಗದಿದ್ದರೆ ಸುಮಾರು 5 ಗಂಟೆಯಲ್ಲಿ ಅದು ಮುಗಿದುಹೋಗುತ್ತದೆ. ಅದಕ್ಕೂ ಮುಂಚಿನ ಮರಿಯನ್ನು ಒರೆಸಿ ನೇರವಾಗಿ ಬಿಸಿಗೆ ಇಡಬಹುದು. 5 ಗಂಟೆ ದಾಟಿದ ಮರಿಯನ್ನು ಹೊಟ್ಟೆಗೆ ಏನೂ ಇಲ್ಲದೆ ಬಿಸಿಗೆ ಇಟ್ಟರೆ ಅಪಾಯ. ಮೈ ಬಿಸಿಯಾಗುತ್ತಿದ್ದಂತೆ ಮಿದುಳಿಗೆ ಸಕ್ಕರೆ ಜಾಸ್ತಿ ಬೇಕಾಗುತ್ತದೆ, ರಕ್ತದಲ್ಲಿ ಸಕ್ಕರೆ ಇರುವುದಿಲ್ಲ. ಮರಿ ಸೆಟೆದುಕೊಂಡು ಸತ್ತೇ ಹೋಗಬಹುದು. ಇಂಥ ಮರಿ ತಲೆ ಎತ್ತಿ ಹಿಡಿಯುತ್ತಿದ್ದರೆ ಮೊದಲು ನಳಿಗೆಯಲ್ಲಿ ಹಾಲು, ಆಮೇಲೆ ಬಿಸಿ. ತಲೆಯನ್ನೂ ಎತ್ತಲಾರದಿದ್ದರೆ ಮೈಬಿಸಿಗೆ ಬೆಚ್ಚಗಾಗಿಸಿದ 20% ಗ್ಲೂಕೋಸನ್ನು, ಮರಿಯ ತೂಕದ ಒಂದು ಕಿಲೋಗೆ 10 ಮಿಲಿ ಲೆಕ್ಕದಲ್ಲಿ ಹೊಟ್ಟೆಯೊಳಕ್ಕೆ ಇಂಜೆಕ್ಷನ್ ಕೊಡಬೇಕು. ಸೂಜಿ ಎಲ್ಲಿ, ಯಾವ ಕಡೆಗೆ ಓರೆಯಾಗಿ ಹೋಗಬೇಕು ಎನ್ನುವುದನ್ನು ಪಶುವೈದ್ಯರು ಒಮ್ಮೆ ಕೈಹಿಡಿದು ತೋರಿಸಲಿ. ಓದಿ ಕಲಿಯುವ ಕೆಲಸ ಅಲ್ಲ ಅದು. ಮರಿ ಹಾಕುವ ಕಾಲಕ್ಕೆ ಮುಂಚೆಯೇ ಕಲಿತಿಟ್ಟುಕೊಳ್ಳಿ.

ಈಗ ಬಿಸಿಯ ವಿಷಯ. ಎಲ್ಲರ ಕೊಟ್ಟಿಗೆಯಲ್ಲೂ ಮೊದಲು ಬರುವುದು 250 ವ್ಯಾಟ್‌ನ ಕೆಂಪು ಬಲ್ಬ್. ಅದರ ದೊಡ್ಡ ಗುಣ ಎಂದರೆ ಮರಿ ತಾಯಿಯ ಪಕ್ಕದಲ್ಲೇ ಇರುತ್ತದೆ. ತಾಯಿ ನೆಕ್ಕುತ್ತಾಳೆ, ಕರೆಯುತ್ತಾಳೆ, ಮರಿ ಕೆಚ್ಚಲು ಹುಡುಕುತ್ತದೆ. ಸ್ವಲ್ಪ ನಡುಗುತ್ತಿರುವ, ಕಾಲ ಮೇಲೆ ನಿಲ್ಲಬಲ್ಲ ಮರಿಗೆ ಇದಕ್ಕಿಂತ ಒಳ್ಳೆಯದು ನಾನು ನೋಡಿಲ್ಲ. ಆದರೆ ಮಲಗಿದ ಮರಿಗೆ ಬಲ್ಬ್ ಬಿಸಿ ಮೇಲಿನಿಂದ ಮಾತ್ರ ಬೀಳುತ್ತದೆ. ಬೆನ್ನು ಸುಡುತ್ತಿರುತ್ತದೆ, ಹೊಟ್ಟೆ ತಣ್ಣನೆಯ ನೆಲಕ್ಕೆ ಅಂಟಿರುತ್ತದೆ. ಬಿಸಿ ಜಾಸ್ತಿಯಾದರೆ ಗಟ್ಟಿ ಮರಿ ಎದ್ದು ಆಚೆ ಹೋಗುತ್ತದೆ, ನಿತ್ರಾಣ ಮರಿ ಎಲ್ಲಿಗೆ ಹೋಗಬೇಕು? ಬೆಂಕಿಯ ಭಯವಂತೂ ಇದ್ದೇ ಇದೆ. ಕೆಳಗೆ ಒಣ ಹುಲ್ಲು, ಮೇಲೆ ಕಾದ ಬಲ್ಬ್. ವಯರಿಗೆ ನೇತುಹಾಕದೆ ಸರಪಳಿಗೆ ಕಟ್ಟಿ, ಜಾಲರಿ ಇರುವ ಹೋಲ್ಡರ್ ಹಾಕಿ, ಹುಲ್ಲಿನಿಂದ ಒಂದು ಮೀಟರಿಗಿಂತ ಕೆಳಗೆ ಇಳಿಸದೆ ಇಟ್ಟರೆ ಮಾತ್ರ ರಾತ್ರಿ ನಿದ್ದೆ ಬರುತ್ತದೆ.

ಬಿಸಿ ಪೆಟ್ಟಿಗೆ ಎಂದರೆ ದೊಡ್ಡ ವಿದ್ಯೆಯೇನಲ್ಲ. ಮರದ ಪೆಟ್ಟಿಗೆ, ಒಳಗೆ ತೂತಿರುವ ಹಲಗೆಯ ಇನ್ನೊಂದು ತಳ, ಅದರ ಕೆಳಗಿನಿಂದ ಬಿಸಿಗಾಳಿ, ಮೇಲೆ ಗಾಳಿ ಹೊರಹೋಗಲು ಕಿಂಡಿ. ಒಳಗಿನ ಗಾಳಿ 35ರಿಂದ 37 ಡಿಗ್ರಿ ಇದ್ದರೆ ಸರಿ, 40 ದಾಟಲೇಬಾರದು. ಬಿಸಿ ಸುತ್ತಲಿನಿಂದ ಬರುವುದರಿಂದ ಹೊಟ್ಟೆ, ಕಾಲು, ಕಿವಿ ಎಲ್ಲ ಒಟ್ಟಿಗೆ ಬೆಚ್ಚಗಾಗುತ್ತವೆ. ಬಲ್ಬಿನ ಕೆಳಗೆ ಗಂಟೆಗಟ್ಟಲೆ ಹಾಗೇ ಬಿದ್ದಿರುವಂಥ ಮರಿ ಪೆಟ್ಟಿಗೆಯಲ್ಲಿ ಬೇಗ ತಲೆ ಎತ್ತುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಆದರೆ ಪೆಟ್ಟಿಗೆಗೆ ಹಾಕಿ ಬೇರೆ ಕೆಲಸಕ್ಕೆ ಹೋಗುವಂತಿಲ್ಲ. ಅರ್ಧ ಗಂಟೆಗೊಮ್ಮೆ ಮೈಬಿಸಿ ನೋಡಬೇಕು. 37 ದಾಟಿದ ಮೇಲೆ ಹೊರಗೆ ತೆಗೆದು ಹಾಲು ಹಾಕಬೇಕು. ಅಲ್ಲೇ ಮರೆತರೆ ಚಳಿಯಿಂದ ಉಳಿದ ಮರಿ ಬಿಸಿಯಿಂದ ಸಾಯುತ್ತದೆ.

ಬಿಸಿನೀರಿನಲ್ಲಿ ಅದ್ದುವುದನ್ನೂ ನೋಡಿದ್ದೇನೆ. ಸುಮಾರು 40 ಡಿಗ್ರಿಯ ನೀರು, ತಲೆ ಮಾತ್ರ ಮೇಲೆ. ಎಲ್ಲಕ್ಕಿಂತ ಬೇಗ ಬಿಸಿ ಏರುವುದು ಇದರಲ್ಲೇ. ತೊಂದರೆ ಆಮೇಲೆ ಶುರುವಾಗುತ್ತದೆ. ಉಣ್ಣೆ ಪೂರ್ತಿ ಒಣಗದಿದ್ದರೆ ಏರಿದ ಬಿಸಿ ಅಷ್ಟೇ ಬೇಗ ಇಳಿಯುತ್ತದೆ. ಮರಿಯ ಮೈಮೇಲಿನ ಹುಟ್ಟಿನ ವಾಸನೆಯೂ ತೊಳೆದುಹೋಗುತ್ತದೆ. ಕುರಿ ತನ್ನ ಮರಿಯನ್ನು ಗುರುತಿಸುವುದು ಮೊದಲು ಆ ವಾಸನೆಯಿಂದಲೇ ಅಲ್ವಾ? ಮರಿಯನ್ನು ಕುತ್ತಿಗೆಯವರೆಗೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಅದ್ದಿದರೆ ಈ ಎರಡೂ ತಪ್ಪುತ್ತವೆ. ಆದರೂ ಪೆಟ್ಟಿಗೆ ಇರುವಾಗ ನಾನು ನೀರಿನ ತಂಟೆಗೆ ಹೋಗುವುದಿಲ್ಲ. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಮರಿಯನ್ನು ಮನೆಗೆ ಹೊತ್ತು ತರುವಷ್ಟು ಹೊತ್ತಿಗೆ ಸರಿ. ತಣ್ಣಗಾದ ಮೇಲೂ ಪಕ್ಕದಲ್ಲೇ ಬಿಟ್ಟರೆ ಅದೇ ಮರಿಯ ಬಿಸಿಯನ್ನು ಎಳೆದುಕೊಳ್ಳುತ್ತದೆ.

ಹಾಲಿನ ವಿಷಯಕ್ಕೆ ಬಂದರೆ, ಮೂರು ದಾರಿಗಳಲ್ಲಿ ಒಂದನ್ನು ಈಗಲೇ ಬಿಟ್ಟುಬಿಡಿ. ಸಿರಿಂಜಿನಿಂದ ಬಾಯೊಳಗೆ ತೊಟ್ಟು ತೊಟ್ಟಾಗಿ ಹಿಂಡುವುದು ನೋಡಲು ಬಹಳ ಮೆತ್ತಗಿನ ಕೆಲಸ. ಆದರೆ ನುಂಗಲಾರದ ಮರಿಯ ಬಾಯಿಗೆ ಬಿದ್ದ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಆ ದಿನ ಉಳಿದ ಮರಿ ಮುಂದೆ ನ್ಯುಮೋನಿಯಾದಿಂದ ಹೋಗಬಹುದು.

ಬಾಟಲಿಗೆ ಒಂದೇ ಷರತ್ತು: ಮರಿಗೆ ಚೀಪುವ ಶಕ್ತಿ ಇರಬೇಕು. ಬೆರಳು ಬಾಯಿಗಿಟ್ಟು ನೋಡಿ. ನಾಲಿಗೆ ಸುತ್ತಿ ಎಳೆದರೆ ಬಾಟಲಿ ಕೊಡಿ. ಚೀಪಿ ಕುಡಿದ ಹಾಲು ನೇರವಾಗಿ ಅರಗುವ ಹೊಟ್ಟೆಗೆ ಹೋಗುತ್ತದೆ, ಮುಂದೆ ಕೆಚ್ಚಲಿಗೆ ಬಾಯಿ ಹಾಕುವ ಅಭ್ಯಾಸವೂ ಉಳಿಯುತ್ತದೆ. ಮರಿ ನಿಂತಿರಲಿ ಇಲ್ಲವೇ ತನ್ನ ಎದೆಯನ್ನು ನೆಲಕ್ಕೆ ಊರಿ ಕೂತಿರಲಿ, ಕತ್ತು ತಾಯಿಯ ಹತ್ತಿರ ಕುಡಿಯುವಾಗ ಇರುವಷ್ಟೇ ಎತ್ತಲಿ. ಬೆರಳನ್ನು ಚೀಪದ ಮರಿಗೆ ಬಾಟಲಿ ಹಿಡಿದುಕೊಂಡು ಗಂಟೆಗಟ್ಟಲೆ ಕೂರುವುದು ಪ್ರೀತಿಯಿಂದ ಮಾಡುವ ಕೆಲಸವೇ. ಆದರೆ ಹಾಲು ಒಳಗೆ ಹೋಗುವುದಿಲ್ಲ, ಹೊತ್ತು ಹೋಗುತ್ತದೆ.

ನಳಿಗೆ ಎಂದರೆ ಬಹಳ ಜನ ಹೆದರುತ್ತಾರೆ. ಹೆದರುವಷ್ಟು ಕಷ್ಟವಿಲ್ಲ, ಎಚ್ಚರ ಬೇಕು ಅಷ್ಟೇ. ಮೆತ್ತನೆಯ ನಳಿಗೆ, 60 ಮಿಲಿ ಸಿರಿಂಜ್. ಮೂತಿಯಿಂದ ಕೊನೆಯ ಪಕ್ಕೆಲುಬಿನವರೆಗೆ ನಳಿಗೆ ಹಿಡಿದು ಅಳೆದು ಗುರುತು ಮಾಡಿಕೊಳ್ಳಿ. ಮರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಾಯಿಯ ಪಕ್ಕದಿಂದ ನಾಲಿಗೆಯ ಮೇಲೆ ನಿಧಾನವಾಗಿ ಬಿಡಿ. ಮರಿ ತಾನೇ ನುಂಗುತ್ತಾ ಹೋಗುತ್ತದೆ. ಗುರುತಿನವರೆಗೆ ಸಲೀಸಾಗಿ ಇಳಿಯಬೇಕು. ಕತ್ತಿನ ಎಡಗಡೆ ಮುಟ್ಟಿದರೆ ಉಸಿರಿನ ಕೊಳವೆಯ ಪಕ್ಕದಲ್ಲಿ ಇನ್ನೊಂದು ಕೊಳವೆ ಕೈಗೆ ಸಿಗಬೇಕು. ಕೆಮ್ಮಿದರೆ, ಒದ್ದಾಡಿದರೆ, ಮಧ್ಯದಲ್ಲಿ ತಡೆದರೆ ಹೊರಗೆ ಎಳೆದು ಮತ್ತೆ ಶುರು ಮಾಡಿ. ಹಾಲನ್ನು ಒತ್ತಬೇಡಿ. ಸಿರಿಂಜಿನ ಒಳದಂಡ ತೆಗೆದು ಮೇಲೆ ಹಿಡಿದರೆ ತನ್ನ ಭಾರಕ್ಕೆ ಇಳಿಯುತ್ತದೆ. ತೆಗೆಯುವಾಗ ನಳಿಗೆಯನ್ನು ಬೆರಳಿನಿಂದ ಮಡಚಿ ಹಿಡಿಯಿರಿ, ಉಳಿದ ತೊಟ್ಟು ಗಂಟಲಲ್ಲಿ ಬೀಳಬಾರದು. ಪ್ರಜ್ಞೆ ಇಲ್ಲದ, ತಲೆ ಎತ್ತಲಾರದ ಮರಿಗೆ ಮಾತ್ರ ನಳಿಗೆ ಬೇಡವೇ ಬೇಡ. ಇದೊಂದನ್ನು ಬಿಟ್ಟರೆ ನಿತ್ರಾಣ ಮರಿಗೆ ನಾನು ಯೋಚನೆ ಮಾಡದೆ ನಳಿಗೆಯನ್ನೇ ಹಿಡಿಯುತ್ತೇನೆ. ಕೆಲವೇ ನಿಮಿಷದಲ್ಲಿ, ಎಷ್ಟು ಬೇಕೋ ಅಷ್ಟು ಹಾಲು, ಹೋಗಬೇಕಾದ ಕಡೆಗೇ ಹೋಗುತ್ತದೆ. ಚೀಪಲು ಶುರುಮಾಡಿದ ಕೂಡಲೇ ಬಾಟಲಿಗೋ ಕೆಚ್ಚಲಿಗೋ ಬದಲಾಯಿಸಿ.

ಎಷ್ಟು ಹಾಲು? ಒಂದು ಸಲಕ್ಕೆ ತೂಕದ ಒಂದು ಕಿಲೋಗೆ 50 ಮಿಲಿ. 3 ಕಿಲೋ ಮರಿಗೆ 150 ಮಿಲಿ. ಮೊದಲ 24 ಗಂಟೆಯಲ್ಲಿ ಕಿಲೋಗೆ 200 ಮಿಲಿಯಾದರೂ ಸೇರಬೇಕು. ಮೊದಲ ಸಲ ಹುಟ್ಟಿದ 2 ಗಂಟೆಯೊಳಗೆ ಆದರೆ ಬಹಳ ಒಳ್ಳೆಯದು. ಇದು ಗಿಣ್ಣು ಹಾಲೇ ಆಗಿರಬೇಕು. ಕುರಿಮರಿಗೆ ಹೊಟ್ಟೆಯಲ್ಲಿರುವಾಗ ತಾಯಿಯ ರೋಗ ತಡೆಯುವ ಶಕ್ತಿ ಸಿಗುವುದಿಲ್ಲ, ಎಲ್ಲವೂ ಗಿಣ್ಣಿನಿಂದಲೇ ಬರಬೇಕು. ಅದನ್ನು ಹೀರಿಕೊಳ್ಳುವ ಕರುಳಿನ ಬಾಗಿಲು ಗಂಟೆಗಂಟೆಗೂ ಮುಚ್ಚುತ್ತಾ ಒಂದು ದಿನದಲ್ಲಿ ಪೂರ್ತಿ ಮುಚ್ಚುತ್ತದೆ.

ಯಾರ ಗಿಣ್ಣು ಎಂಬ ಹೋಲಿಕೆ ಬೇಗ ಮುಗಿಯುತ್ತದೆ. ತಾಯಿಯದೇ ಮೊದಲು. ಅವಳಲ್ಲಿ ಇಲ್ಲದಿದ್ದರೆ ಅದೇ ಹಿಂಡಿನಲ್ಲಿ ಆಗಷ್ಟೇ ಮರಿ ಹಾಕಿದ ಇನ್ನೊಂದು ಕುರಿಯದು. ಫ್ರೀಜರಿನಲ್ಲಿಟ್ಟಿದ್ದರೆ ಬೆಚ್ಚನೆಯ ನೀರಿನಲ್ಲಿಟ್ಟು ಕರಗಿಸಿ. ಕುದಿಸಿದರೂ ಮೈಕ್ರೋವೇವ್‌ನಲ್ಲಿಟ್ಟರೂ ಬೇಕಾದ ಗುಣವೇ ಹಾಳಾಗುತ್ತದೆ. ಹಸುವಿನ ಗಿಣ್ಣು ಸ್ವಲ್ಪ ತೆಳು, ಹಾಗಾಗಿ ಜಾಸ್ತಿ ಬೇಕು. ಕೆಲವು ಹಸುಗಳ ಗಿಣ್ಣು ಕುಡಿದ ಮರಿಗೆ ಮುಂದೆ ರಕ್ತಹೀನತೆ ಬರುವುದುಂಟು. ನಾಲ್ಕಾರು ಹಸುಗಳದ್ದು ಬೆರೆಸಿ ಇಟ್ಟುಕೊಂಡರೆ ಆ ಅಪಾಯ ಕಡಿಮೆ. ಪುಡಿಯ ಗಿಣ್ಣು ಬೇರೆ ಏನೂ ಇಲ್ಲದಾಗ.

ಚೇತರಿಸಿಕೊಂಡ ಮರಿ ಎಲ್ಲಿರಬೇಕು? ನನ್ನ ಉತ್ತರ ತಾಯಿಯ ಹತ್ತಿರ, ಆದಷ್ಟು ಬೇಗ. ಮನೆಯೊಳಗೆ ಇಟ್ಟುಕೊಂಡ ಮರಿ ಬೆಚ್ಚಗೆ ಇರುತ್ತದೆ, ಆದರೆ ಒಂದೊಂದು ಗಂಟೆ ಕಳೆದಂತೆ ತಾಯಿ ಅದನ್ನು ಒಪ್ಪುವುದು ಕಷ್ಟವಾಗುತ್ತದೆ. ಅವಳಿ ಮರಿಗಳಲ್ಲಿ ಒಂದೇ ಸೋತಿದ್ದರೆ ಎರಡನ್ನೂ ಒಟ್ಟಿಗೆ ತಂದು ಒಟ್ಟಿಗೆ ಬಿಡುತ್ತೇನೆ. ಒಂದನ್ನೇ ಒಯ್ದರೆ ತಾಯಿ ಉಳಿದದ್ದೊಂದೇ ತನ್ನದು ಎಂದುಕೊಳ್ಳುತ್ತಾಳೆ. ಚಿಕ್ಕ ಅಂಕಣ ಮಾಡಿ ತಾಯಿ ಮರಿಗಳನ್ನು ಅದರಲ್ಲಿ ಕೂಡಿ, ಎರಡು ಮೂರು ಗಂಟೆ ಬಿಟ್ಟು ಹೋಗಿ ನೋಡಿ. ಮಲಗಿದ ಮರಿಯನ್ನು ಎಬ್ಬಿಸಿದಾಗ ಮೈ ಚಾಚಿ ಮುರಿದರೆ ಹೊಟ್ಟೆ ತುಂಬಿದೆ. ಬೆನ್ನು ಬಾಗಿಸಿ, ತಲೆ ತಗ್ಗಿಸಿ ನಿಂತರೆ ಕುಡಿದಿಲ್ಲ. ಆಗ ತಾಯಿಯನ್ನು ಹಿಡಿದು ನಿಲ್ಲಿಸಿ, ಮೊಲೆಯ ತುದಿಯಲ್ಲಿ ಕಟ್ಟಿರುವ ಮೇಣದಂಥ ಬಿರಡೆಯನ್ನು ಹಿಂಡಿ ತೆಗೆದು, ಮರಿಯ ಬಾಯಿ ಅಲ್ಲಿಗೆ ಇಡಿ. ತಾಯಿಗೆ ನಿಜವಾಗಿಯೂ ಹಾಲಿಲ್ಲ, ಇಲ್ಲವೇ ಒದ್ದು ಒದ್ದು ದೂಡುತ್ತಿದ್ದಾಳೆ ಎಂದಾದರೆ ಮಾತ್ರ ಬಾಟಲಿ ಮರಿಯಾಗಿ ಸಾಕಬೇಕು. ಆಗಲೂ ಒಂಟಿಯಾಗಿ ಬೇಡ, ಜೊತೆಗೆ ಇನ್ನೊಂದು ಮರಿ ಇರಲಿ.