ಹಾಸಿಗೆಯ ಕೆಳಗೆ ಎರಡು ಸೈಕಲ್: ನಾಲ್ಕು ಥರ ಕಟ್ಟಿ ನೋಡಿದ ಮೇಲೆ

ನಮ್ಮದು ಫಿಯಟ್ ಡುಕಾಟೊ, 5.99 ಮೀಟರ್ ಉದ್ದದ ಸರಕಿನ ವ್ಯಾನು. ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ ಒಂದು ಶೆಡ್ ಬಾಡಿಗೆಗೆ ಹಿಡಿದು ಎರಡು ಚಳಿಗಾಲ ಕೂತು ಅದಕ್ಕೆ ಹಾಸಿಗೆ, ಒಲೆ, ನೀರಿನ ಟ್ಯಾಂಕು ಎಲ್ಲ ನಾನೇ ಕೂಡಿಸಿದೆ. ಒಲೆ, ನೀರು, ಸೋಲಾರ್ ಒಂದೂ ಅಷ್ಟು ಕಾಡಲಿಲ್ಲ. ಕಾಡಿದ್ದು ಎರಡು ಸೈಕಲ್. ಅವನ್ನು ಎಲ್ಲಿಡಬೇಕು, ಹೇಗಿಟ್ಟರೆ ರಾತ್ರಿ ನೆಮ್ಮದಿಯಾಗಿ ನಿದ್ದೆ ಬರುತ್ತದೆ ಅನ್ನುವುದನ್ನು ಕಂಡುಕೊಳ್ಳಲು ಮೂರು ಬೇಸಿಗೆ ಬೇಕಾಯಿತು. ಗಾಡಿಯ ಒಳಗೇ ನಾಲ್ಕು ಬಗೆ ಮಾಡಿ, ಮೂರನ್ನು ಕಿತ್ತು ಹಾಕಿದ್ದೇನೆ. ಇದೇ ಕೆಲಸಕ್ಕೆ ಕೈ ಹಾಕಿರುವವರಿಗೆ ಅಳತೆ ಸಮೇತ ಹೇಳಿದರೆ ಒಂದಷ್ಟು ಪ್ಲೈವುಡ್ ಆದರೂ ಉಳಿದೀತು.

ಮೊದಲು ಅಳತೆ. ಈ ವ್ಯಾನಿನ ಒಳಗೆ ಉದ್ದ 3.70 ಮೀಟರ್, ಅಗಲ 1.87, ಎತ್ತರ 1.93. ಚಳಿ ತಡೆಯುವ ಪದರ ಹಾಕಿ ಮೇಲೆ ಪ್ಲೈವುಡ್ ಹೊಡೆದ ಮೇಲೆ ನನಗೆ ಉಳಿದದ್ದು 1.79 ಅಗಲ, 1.85 ಎತ್ತರ. ಹಿಂದಿನ ಚಕ್ರಗಳ ಉಬ್ಬು ಒಳಕ್ಕೆ ಬರುತ್ತದಲ್ಲ, ಆ ಎರಡು ಉಬ್ಬುಗಳ ನಡುವೆ 1.42. ನನ್ನ ಸೈಕಲ್ 1.82 ಮೀಟರ್ ಉದ್ದ. ಮೂರೇ ಮೂರು ಸೆಂಟಿಮೀಟರ್ ಹೆಚ್ಚು! ಚಕ್ರ ಬಿಚ್ಚದೆ ಅದನ್ನು ಅಡ್ಡಡ್ಡ ನಿಲ್ಲಿಸುವ ಆಸೆ ಟೇಪು ಹಿಡಿದ ದಿನವೇ ಹೋಯಿತು. ನನ್ನದು ಮೋಟಾರ್ ಇರುವ ಟ್ರೆಕ್ಕಿಂಗ್ ಸೈಕಲ್, 24 ಕೆ.ಜಿ. ಹೆಂಡತಿಯದು ಮೋಟಾರ್ ಇಲ್ಲದ್ದು, 14 ಕೆ.ಜಿ. ಹಾಸಿಗೆ ವ್ಯಾನಿನ ಹಿಂಭಾಗದಲ್ಲಿ ಅಡ್ಡಲಾಗಿದೆ, 1.40 ಮೀಟರ್ ಅಗಲ, ಅದರ ಕೆಳಗೆ 95 ಸೆಂ.ಮೀ. ಎತ್ತರದ ಜಾಗ.

ಶುರುವಿನಲ್ಲಿ ಎಲ್ಲರ ಹಾಗೆ ನಾವೂ ಹಿಂಬಾಗಿಲಿಗೆ ಸೈಕಲ್ ರ‍್ಯಾಕ್ ಹಾಕಿದೆವು. ಒಂದು ಬೇಸಿಗೆ ಓಡಿಸಿದೆವು. ಬೇಡವಾದದ್ದಕ್ಕೆ ಕಾರಣ ಹಲವು. ಸಾಮಾನು ತೆಗೆಯಲು ಬಾಗಿಲು ತೆರೆದಾಗಲೆಲ್ಲ 50 ಕೆ.ಜಿ.ಗೂ ಮಿಕ್ಕ ಭಾರ ಬಾಗಿಲ ಜೊತೆ ತೂಗುತ್ತದೆ. ಇಟಲಿಗೆ ಹೋದರೆ ಹಿಂದೆ ಚಾಚಿದ ಹೊರೆಗೆ 50×50 ಸೆಂ.ಮೀ.ನ ಕೆಂಪು ಬಿಳಿ ಪಟ್ಟೆಯ ಹಲಗೆ ಕಟ್ಟಲೇಬೇಕು. ಮಳೆಯಲ್ಲಿ ಹೆದ್ದಾರಿಯ ಕೊಳೆಯೆಲ್ಲ ಚೈನಿನ ಮೇಲೆ. ಇನ್ನೊಂದು ಅಂಶವನ್ನು ಜನ ಲೆಕ್ಕ ಹಾಕುವುದೇ ಇಲ್ಲ: ಡುಕಾಟೊ ಮುಂದಿನ ಚಕ್ರದ ಬಲದಲ್ಲಿ ಓಡುವ ಗಾಡಿ. ಹಿಂದಿನ ಆಕ್ಸಲ್‌ಗಿಂತ ಸುಮಾರು 1.3 ಮೀಟರ್ ಹಿಂದೆ 53 ಕೆ.ಜಿ. ನೇತು ಹಾಕಿದರೆ, 4.035 ಮೀಟರ್ ಅಂತರದ ಆಚೆ ಮುಂದಿನ ಆಕ್ಸಲ್‌ನಿಂದ 17 ಕೆ.ಜಿ. ಭಾರ ಎತ್ತಿ ತೆಗೆದ ಹಾಗೆ. ಒದ್ದೆ ಹುಲ್ಲಿನ ಮೇಲೆ ಮುಂದಿನ ಚಕ್ರ ಸುಮ್ಮನೆ ತಿರುಗುವಾಗ ಆ 17 ಕೆ.ಜಿ. ನೆನಪಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ರ‍್ಯಾಕಿನ ಮೇಲಿರುವ ಸೈಕಲ್ ದಾರಿಹೋಕರಿಗೆಲ್ಲ ಕಾಣುತ್ತದೆ. ಪೆಟ್ರೋಲ್ ಬಂಕಿನಲ್ಲಿ ಕಾಫಿ ಕುಡಿಯುವಾಗಲೂ ನನ್ನ ಕಣ್ಣು ಕಿಟಕಿಯ ಆಚೆಯೇ ಇರುತ್ತಿತ್ತು.

ಊರಲ್ಲಿ ಅಪ್ಪ ರಾತ್ರಿ ಊಟಕ್ಕೆ ಕೂರುವ ಮುಂಚೆ ಸೈಕಲ್ಲನ್ನು ಎತ್ತಿ ಹೊಸ್ತಿಲು ದಾಟಿಸಿ ಪಡಸಾಲೆಯ ಗೋಡೆಗೆ ಒರಗಿಸುತ್ತಿದ್ದರು. ಅದು ಒಳಗೆ ಬಂದ ಮೇಲೆಯೇ ಬಾಗಿಲಿಗೆ ಅಗುಳಿ. ನನಗೂ ಹಾಗೇ ಬೇಕು ಅನ್ನಿಸಿತು.

ಒಳಗಿಡುವುದರಲ್ಲಿ ಮೊದಲು ಮಾಡಿದ್ದು ಗೋಡೆಯ ಕೊಕ್ಕೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆಗಳಲ್ಲಿ ಮುಂದಿನ ಚಕ್ರವನ್ನು ಕೊಕ್ಕೆಗೆ ಸಿಕ್ಕಿಸಿ ಸೈಕಲ್ಲನ್ನು ನೆಟ್ಟಗೆ ನಿಲ್ಲಿಸುತ್ತಾರಲ್ಲ, ಹಾಗೆ. 1.82ರ ಸೈಕಲ್ಲು 1.85 ಎತ್ತರದಲ್ಲಿ ಹಿಡಿಯಿತು, ನೆಲದ ಜಾಗ ತುಂಬಾ ಉಳಿಯಿತು. ಆದರೆ ಗಾಡಿ ಗೋಡೆಯಲ್ಲ, ಓಡುತ್ತದೆ. ಬಾಡೆನ್-ಬಾಡೆನ್‌ನಿಂದ ಫ್ರಾಯ್ಡೆನ್‌ಸ್ಟಾಟ್‌ಗೆ ಹೋಗುವ ಬಿ 500 ರಸ್ತೆಯ ತಿರುವುಗಳಲ್ಲಿ ಹಿಂದಿನ ಚಕ್ರ ಪಟ್ಟಿಯಿಂದ ಜಾರಿ, ಪೆಡಲ್ಲು ಕಪಾಟಿನ ಬಾಗಿಲಿಗೆ ಬಡಿದು ಬೆರಳು ತೂರುವಷ್ಟು ತೂತಾಯಿತು. ಜರ್ಮನಿಯಲ್ಲಿ ಸರಕು ಕಟ್ಟುವುದಕ್ಕೆ ಒಂದು ಲೆಕ್ಕವಿದೆ: ಮುಂದಕ್ಕೆ ವಸ್ತುವಿನ ತೂಕದ 0.8 ಪಾಲು, ಪಕ್ಕಕ್ಕೂ ಹಿಂದಕ್ಕೂ 0.5 ಪಾಲು ಎಳೆತವನ್ನು ಕಟ್ಟು ತಡೆಯಬೇಕು. ಅಂದರೆ ಜೋರಾಗಿ ಬ್ರೇಕ್ ಒತ್ತಿದಾಗ ನನ್ನ ಸೈಕಲ್ ಸುಮಾರು 19 ಕೆ.ಜಿ. ಬಲದಲ್ಲಿ ನನ್ನ ಬೆನ್ನಿನ ಕಡೆ ನುಗ್ಗುತ್ತದೆ. ಅಪಘಾತದಲ್ಲಿ ಅದರ ಎಷ್ಟೋ ಪಟ್ಟು. ಎತ್ತರದಲ್ಲಿ ಒಂದೇ ಕೊಕ್ಕೆಯಲ್ಲಿ ನೇತಾಡುವುದು ಅದಕ್ಕೆ ತಕ್ಕದ್ದಲ್ಲ. ಎರಡನೇ ಪ್ರಯಾಣಕ್ಕೆ ಮುಂಚೆಯೇ ಕೊಕ್ಕೆ ಕಿತ್ತೆ. ನಿಂತ ಗಾಡಿಯಲ್ಲಿ ಬೇಕಾದರೆ ಬಳಸಿ, ಓಡುವ ಗಾಡಿಯಲ್ಲಿ ಖಂಡಿತ ಬೇಡ.

ಆಮೇಲೆ ಫೋರ್ಕ್ (ಮುಂಚಕ್ರವನ್ನು ಹಿಡಿದಿರುವ ಕವಲು) ಹಿಡಿಗಳು. ಮುಂದಿನ ಚಕ್ರ ಬಿಚ್ಚಿ, ಫೋರ್ಕಿನ ಎರಡು ಕಾಲನ್ನು ನೆಲಕ್ಕೆ ಬಿಗಿದ ಹಿಡಿಯೊಳಗೆ ಕೂರಿಸಿ ಆಕ್ಸಲ್ ಬಿಗಿಯುವುದು. ರೇಸ್ ತಂಡಗಳ ಗಾಡಿಗಳಲ್ಲಿ ನೋಡಿರುತ್ತೀರಿ. ಇದರ ಹಿಡಿತಕ್ಕೆ ಸಾಟಿಯಿಲ್ಲ. ಚಕ್ರ ಬಿಚ್ಚಿದರೆ ಸೈಕಲ್ಲಿನ ಉದ್ದ 1.43 ಮೀಟರ್‌ಗೆ ಇಳಿಯುತ್ತದೆ. ಮುಂಭಾಗ 24 ಸೆಂ.ಮೀ. ತಗ್ಗುವುದರಿಂದ 1.08 ಮೀಟರ್ ಎತ್ತರದ ಹ್ಯಾಂಡಲ್ ಹಾಸಿಗೆಯ ಕೆಳಗೆ ಆರಾಮಾಗಿ ಸರಿಯುತ್ತದೆ. ಸೀಟು ಮಾತ್ರ ಇಳಿಸಬೇಕು. 15 ಮಿ.ಮೀ. ಬರ್ಚ್ ಪ್ಲೈವುಡ್ ಹಲಗೆಗೆ ಎರಡು ಹಿಡಿ ಬಿಗಿದು, ಸೈಕಲ್‌ಗಳನ್ನು ಅಡ್ಡಡ್ಡ ಒಂದರ ಹಿಂದೆ ಒಂದು ನಿಲ್ಲಿಸಿದೆ. ಹಲಗೆ, ಹಿಡಿ, ಬೋಲ್ಟು ಎಲ್ಲ ಸೇರಿ 6 ಕೆ.ಜಿ. ದಾಟಲಿಲ್ಲ. ಕೊಳ್ಳುವ ಮುಂಚೆ ಆಕ್ಸಲ್ ನೋಡಿಕೊಳ್ಳಿ: ನನ್ನದು ಥ್ರೂ ಆಕ್ಸಲ್, ಅಂದರೆ ಫೋರ್ಕಿನ ತೂತುಗಳಲ್ಲಿ ತೂರಿಸಿ ತಿರುಗಿಸಿ ಬಿಗಿಯುವ ದಪ್ಪ ಸರಳು; ಹೆಂಡತಿಯದು ಹಳೆಯ ಕ್ವಿಕ್ ರಿಲೀಸ್, ಸನ್ನೆ ಮಡಚಿ ಬಿಗಿಯುವ ತೆಳು ಸರಳು. ಎರಡಕ್ಕೂ ಬೇರೆ ಬೇರೆ ಹಿಡಿ ಬೇಕು.

ಚಕ್ರ ಬಿಚ್ಚಿದ ಸೈಕಲ್ಲಿನ ಬ್ರೇಕ್ ಒತ್ತಬಾರದು. ಒಂದು ಸಂಜೆ ಮಗಳು ಆಟಕ್ಕೆ ಬ್ರೇಕ್ ಹಿಡಿದುಬಿಟ್ಟಳು. ನಡುವೆ ಡಿಸ್ಕ್ ಇಲ್ಲದ್ದರಿಂದ ಎರಡೂ ಬ್ರೇಕ್ ಪ್ಯಾಡುಗಳು ಒಂದಕ್ಕೊಂದು ಅಂಟಿಕೊಂಡವು. ಬೆಳಿಗ್ಗೆ ಹುಲ್ಲಿನ ಮೇಲೆ ಮಂಡಿಯೂರಿ, ಟೈರ್ ಕಳಚುವ ಪ್ಲಾಸ್ಟಿಕ್ ಮೀಟುಗೋಲನ್ನು ಪ್ಯಾಡುಗಳ ಸಂದಿಗೆ ತೂರಿಸಿ, ಕೂದಲೆಳೆಯಷ್ಟು ಕೂದಲೆಳೆಯಷ್ಟು ಅಗಲಿಸುತ್ತಾ ಮುಕ್ಕಾಲು ಗಂಟೆ ಕೂತೆ. ಈಗ ಚಕ್ರ ಬಿಚ್ಚಿದ ಕೂಡಲೇ ಆ ಸಂದಿಗೆ ಒಂದು ಪ್ಲಾಸ್ಟಿಕ್ ತುಂಡು ತುರುಕುತ್ತೇನೆ. ಹೊಸ ಸೈಕಲ್ಲಿನ ಜೊತೆ ಆ ತುಂಡು ಬಂದಿರುತ್ತದೆ, ಎಸೆಯಬೇಡಿ.

ಇಷ್ಟು ಭದ್ರವಾದ ವ್ಯವಸ್ಥೆ ಇದ್ದೂ ನಾವು ಸೈಕಲ್ ಕಳೆದುಕೊಂಡದ್ದು ಇದೇ ಕಾಲದಲ್ಲಿ. ಬೋಡೆನ್ ಸರೋವರದ ದಡದಲ್ಲಿ ಇಳಿದುಕೊಂಡಿದ್ದೆವು. ಲಿಂಡೌವರೆಗೆ ತುಳಿದು ವಾಪಸ್ ಬಂದಾಗ ರಾತ್ರಿ ಒಂಬತ್ತೂವರೆ, ಜಿಟಿಜಿಟಿ ಮಳೆ. ಸೈಕಲ್ ಒಳಗಿಡಬೇಕೆಂದರೆ ಎರಡೂ ಮುಂಚಕ್ರ ಬಿಚ್ಚಬೇಕು, ಸೀಟು ಇಳಿಸಬೇಕು, ಒಳಬದಿಯದನ್ನು ಮೊದಲು ಬಗ್ಗಿಕೊಂಡು ತೂರಿಸಬೇಕು, ಕೆಸರಾದ ಚಕ್ರಗಳಿಗೆ ಜಾಗ ಹುಡುಕಬೇಕು. ಗಡಿಯಾರ ಹಿಡಿದು ನೋಡಿದ್ದೇನೆ, ಒಣ ದಿನದಲ್ಲೇ ಹನ್ನೊಂದು ನಿಮಿಷ. "ರೀ, ಇವತ್ತೊಂದು ರಾತ್ರಿ ಹೊರಗೇ ಇರ್ಲಿ ಬಿಡಿ, ಮಗು ನಿದ್ದೆಗಣ್ಣಲ್ಲಿದೆ" ಅಂದಳು. ನನಗೂ ಸಾಕಾಗಿತ್ತು. ಎರಡನ್ನೂ ಮರಕ್ಕೆ ಒರಗಿಸಿ ನನ್ನದಕ್ಕೆ ಗಟ್ಟಿ ಬೀಗ, ಅವಳದಕ್ಕೆ ಕೇಬಲ್ ಬೀಗ ಹಾಕಿದೆ. ಬೆಳಿಗ್ಗೆ ಅವಳ ಸೈಕಲ್ ಇರಲಿಲ್ಲ. ಕತ್ತರಿಸಿದ ಕೇಬಲ್ ಹುಲ್ಲಿನಲ್ಲಿ ಬಿದ್ದಿತ್ತು, ತುದಿಯ ತಂತಿಗಳು ಸವೆದ ಪೊರಕೆಯ ಹಾಗೆ ಕೆದರಿದ್ದವು. ಅವಳು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದಳು. ಮದುವೆಯಾಗಿ ಈ ದೇಶಕ್ಕೆ ಬಂದ ವರ್ಷ ಕೊಂಡ ಸೈಕಲ್ ಅದು.

ಅಂದಿನಿಂದ ನಾನು ವ್ಯವಸ್ಥೆಗಳನ್ನು ಅಳೆಯುವ ಕೋಲೇ ಬದಲಾಯಿತು. ಮಳೆಯಲ್ಲಿ, ಕತ್ತಲಲ್ಲಿ, ಸುಸ್ತಾದಾಗಲೂ ಬೇಸರವಿಲ್ಲದೆ ಒಳಗೆ ಹಾಕುವ ಹಾಗಿರಬೇಕು. ಹಾಗಿಲ್ಲದಿದ್ದರೆ ಎಷ್ಟೇ ಗಟ್ಟಿಯಾಗಿದ್ದರೂ ಒಂದು ರಾತ್ರಿ ಸೈಕಲ್ ಹೊರಗುಳಿಯುತ್ತದೆ.

ಮೂರನೆಯದು ಎಳೆದು ತೆಗೆಯುವ ಟ್ರೇ. ಸೈಕಲ್‌ಗಳನ್ನು ಉದ್ದುದ್ದಕ್ಕೆ ನಿಲ್ಲಿಸಿದೆ, ಒಂದರ ಮುಖ ಒಳಕ್ಕೆ, ಇನ್ನೊಂದರದು ಹೊರಕ್ಕೆ. ಹೀಗೆ ಮಾಡಿದರೆ ಒಂದರ ಹ್ಯಾಂಡಲ್ ಇನ್ನೊಂದರ ಇಳಿಸಿದ ಸೀಟಿನ ಮೇಲೆ ಬಂದು, ಎರಡಕ್ಕೂ ಸೇರಿ 78 ಸೆಂ.ಮೀ. ಅಗಲ ಸಾಕಾಗುತ್ತದೆ. ಹಿಡಿಗಳು ಹಳೆಯವೇ. ಹಿಂಬಾಗಿಲು ತೆರೆದು ಟ್ರೇ ಎಳೆದರೆ ಸೈಕಲ್ಲೇ ನಮ್ಮ ಸೊಂಟದ ಹತ್ತಿರಕ್ಕೆ ಬರುತ್ತದೆ, ಹಾಸಿಗೆಯ ಕೆಳಗೆ ತೂರುವ ಕೆಲಸವಿಲ್ಲ. ಹನ್ನೊಂದು ನಿಮಿಷ ಐದಕ್ಕೆ ಇಳಿಯಿತು. ಇದಕ್ಕೆ ಒಂದೂವರೆ ಮೀಟರ್ ಉದ್ದದ ಉಕ್ಕಿನ ರೈಲು ಹಾಕಿದ್ದೆ, 227 ಕೆ.ಜಿ. ತಡೆಯುವಂಥವು. ತಪ್ಪಾದದ್ದು ಅಲ್ಲೇ. ರೈಲು, ಟ್ರೇ ಸೇರಿ 38 ಕೆ.ಜಿ., ಎರಡು ಸೈಕಲ್ಲಿನ ತೂಕದಷ್ಟೇ! ಸಾಮಾನ್ಯ ಬಿ ದರ್ಜೆಯ ಲೈಸೆನ್ಸಿನಲ್ಲಿ ಓಡಿಸುವವರಿಗೆ ಒಟ್ಟು ತೂಕ 3.5 ಟನ್ ಮೀರುವಂತಿಲ್ಲ. ನೀರು, ಗ್ಯಾಸು, ಮೂರು ಜನ, ಅಕ್ಕಿ ಬೇಳೆ ಎಲ್ಲ ತುಂಬಿಸಿ ತೂಕದ ಕಟ್ಟೆಗೆ ಹತ್ತಿಸಿದಾಗ ನಮಗೆ ಉಳಿದಿದ್ದದ್ದು ಬರೀ 90 ಕೆ.ಜಿ. ಸಾಲದ್ದಕ್ಕೆ ರೈಲಿನ ಗುಂಡುಗಳಿಗೆ ಚಕ್ರದ ಮಣ್ಣು ಉದುರಿ ಕರಕರ ಅನ್ನತೊಡಗಿತು. ಒಮ್ಮೆ ಇಳಿಜಾರಿನಲ್ಲಿ ನಿಲ್ಲಿಸಿದ್ದಾಗ ಚಿಲಕ ತೆಗೆದದ್ದೇ ತಡ, ಟ್ರೇ ತಾನಾಗೇ ಓಡಿಬಂದು ನನ್ನ ಮೊಣಕಾಲಿಗೆ ಬಡಿಯಿತು. ಅಲ್ಲಿ ಮಗಳು ನಿಂತಿದ್ದರೆ ಏನಾಗುತ್ತಿತ್ತೆಂದು ಯೋಚಿಸಿದರೆ ಈಗಲೂ ಮೈ ಜುಂ ಅನ್ನುತ್ತದೆ.

ಈಗಿರುವುದು ಅದೇ ಟ್ರೇ, ಆದರೆ ರೈಲಿಲ್ಲ. ನೆಲಕ್ಕೆ ಎರಡು ಅಲ್ಯೂಮಿನಿಯಂ ಚಾನೆಲ್, ಟ್ರೇಯ ತಳಕ್ಕೆ ಗಟ್ಟಿ ಪಾಲಿಥೀನ್ ಪಟ್ಟಿ. ಅಡುಗೆಮನೆಯ ಬಿಳಿ ಕತ್ತರಿಸುವ ಹಲಗೆಯಂಥದೇ ವಸ್ತು. ಗುಂಡುಗಳಿಲ್ಲ, ಎಣ್ಣೆ ಬೇಡ, ಮಣ್ಣು ಬಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಎಳೆಯಲು ಸ್ವಲ್ಪ ಬಲ ಬೇಕು, ಆ ಬಿಗಿಯೇ ಇಳಿಜಾರಿನಲ್ಲಿ ಕಾಪಾಡುತ್ತದೆ. ಪೂರ್ತಿ ಹೊರಗೆ ಬರುವುದಿಲ್ಲ, 95 ಸೆಂ.ಮೀ. ಬರುತ್ತದೆ, ಅಷ್ಟು ಸಾಕು. ಒಟ್ಟು ತೂಕ 19 ಕೆ.ಜಿ. ಓಡುವಾಗ ಕದಲದಂತೆ 10 ಮಿ.ಮೀ. ದಪ್ಪದ ಎರಡು ಉಕ್ಕಿನ ಪಿನ್ನು. ಫ್ರೇಮುಗಳು ಒಂದಕ್ಕೊಂದು ಉಜ್ಜುವಲ್ಲಿ ಹಳೆಯ ಟ್ಯೂಬ್ ಕತ್ತರಿಸಿ ಸುತ್ತಿದ್ದೇನೆ. ಕಳೆದ ಬೇಸಿಗೆ ಪ್ರಾಟೊ ಕಡೆಯಿಂದ 48 ತಿರುವು ಹತ್ತಿ, ಇಟಲಿಯ ಆಲ್ಪ್ಸ್ ಬೆಟ್ಟಗಳಲ್ಲಿ 2757 ಮೀಟರ್ ಎತ್ತರದ ಸ್ಟೆಲ್ವಿಯೊ ಘಾಟಿ ದಾಟಿ ಇಳಿದೆವು. ಹಿಂದಿನಿಂದ ಒಂದು ಸದ್ದು ಬರಲಿಲ್ಲ.

ಒಳಗಿದೆ ಅಂದ ಮಾತ್ರಕ್ಕೆ ಭದ್ರ ಅಂತಲ್ಲ. ಪ್ಲೈವುಡ್ಡಿಗೆ ಬಿಗಿದ ಬಳೆಗೆ ಬೀಗ ಹಾಕಿದರೆ ಸಣ್ಣ ಹಾರೆಕೋಲಿನಲ್ಲಿ ಹಲಗೆ ಸಮೇತ ಕಿತ್ತುಬರುತ್ತದೆ. ನಾನು ಉಕ್ಕಿನ ಬಳೆಯ ಬೋಲ್ಟನ್ನು ಗಾಡಿಯ ನೆಲದ ತಗಡಿನ ಮೂಲಕ ಇಳಿಸಿ, ಅಡಿಯಲ್ಲಿ ಅಂಗೈಯಗಲದ 4 ಮಿ.ಮೀ. ಪ್ಲೇಟ್ ಕೊಟ್ಟು ಬಿಗಿದಿದ್ದೇನೆ. ಡ್ರಿಲ್ ಹಿಡಿಯುವ ಮುಂಚೆ ಗಾಡಿಯ ಕೆಳಗೆ ಮಲಗಿ ನೋಡಲೇಬೇಕು: ಡೀಸೆಲ್ ಟ್ಯಾಂಕು, ಬ್ರೇಕ್ ಪೈಪು ಎಲ್ಲ ಅಲ್ಲೇ ಹಾದುಹೋಗುತ್ತವೆ. ತೂತಿನ ಅಂಚಿಗೆ ಸತುವಿನ ಬಣ್ಣ ಬಳಿಯದಿದ್ದರೆ ಇಲ್ಲಿನ ಚಳಿಗಾಲದ ಉಪ್ಪಿಗೆ ತುಕ್ಕು ಗ್ಯಾರಂಟಿ. ಆ ಬಳೆಯಿಂದ ಒಂದು ಸರಪಳಿ ಎರಡೂ ಫ್ರೇಮಿನ ಒಳಗೆ ಹಾದು ಬರುತ್ತದೆ. ಅವಳ ಹೊಸ ಸೈಕಲ್ಲಿನ ಫ್ರೇಮಿಗೆ ಸೈಕಲ್ ಸವಾರರ ಸಂಘ ಎಡಿಎಫ್‌ಸಿಯವರ ಹತ್ತಿರ ಗುರುತಿನ ಸಂಖ್ಯೆ ಕೆತ್ತಿಸಿದ್ದೇವೆ.

ಒದ್ದೆ ಸೈಕಲ್ ಒಳಗೆ ತಂದರೆ ಹಾಸಿಗೆಯ ಅಡಿ ತೇವ ಕಟ್ಟಿ ಮುಗ್ಗಲು ವಾಸನೆ ಬರುತ್ತದೆ. ಟ್ರೇಗೆ ಅಂಚಿರುವ ರಬ್ಬರ್ ಹಾಸು, ಹಾಸಿಗೆಯ ಕೆಳಗೆ ಹಲಗೆಯ ಬದಲು ಗಾಳಿಯಾಡುವ ಪಟ್ಟಿಗಳು, ಇಷ್ಟು ಮಾಡಿದ ಮೇಲೆ ತೊಂದರೆ ಕಾಣಲಿಲ್ಲ. ಮೋಟಾರ್ ಇರುವ ನನ್ನ ಸೈಕಲ್ಲಿನ ಬ್ಯಾಟರಿಯನ್ನು ಎತ್ತುವ ಮುಂಚೆಯೇ ಬಿಚ್ಚಿ, ಎರಡೂವರೆ ಕೆ.ಜಿ.ಗೂ ಹೆಚ್ಚು ಹಗುರವಾಗುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಅದನ್ನು ಚಾರ್ಜ್ ಮಾಡಬಾರದು, ಹಾಗಾಗಿ ನಮ್ಮದು ರಾತ್ರಿ ಮುಂದೆ, ಹೀಟರ್ ಇರುವ ಕಡೆ ಇರುತ್ತದೆ.

ಮಡಚುವ ಸೈಕಲ್ ಕೊಂಡರೆ ಈ ಯಾವ ರಗಳೆಯೂ ಇಲ್ಲವಲ್ಲ ಎಂದು ಕೇಳುವವರಿದ್ದಾರೆ. ನಿಜ. ಬ್ರಾಂಪ್ಟನ್ ಮಡಚಿದರೆ 65 ಸೆಂ.ಮೀ. ಉದ್ದ, 27 ಸೆಂ.ಮೀ. ದಪ್ಪದ ಗಂಟಾಗುತ್ತದೆ, ಯಾವ ಮೂಲೆಯಲ್ಲೂ ಕೂರುತ್ತದೆ. ಗೆಳೆಯನದನ್ನು ಒಂದು ವಾರ ತಂದು ಓಡಿಸಿದೆ. ಊರೊಳಗೆ ಬ್ರೆಡ್ಡು ತರುವುದಕ್ಕೆ ಬಹಳ ಚೆನ್ನ. ಡಾನ್ಯೂಬ್ ದಂಡೆಯಲ್ಲಿ ದಿನಕ್ಕೆ 60 ಕಿ.ಮೀ. ತುಳಿಯುವ ನಮಗೆ ಆ 16 ಇಂಚಿನ ಚಕ್ರ ಒಗ್ಗಲಿಲ್ಲ. ದಿನಕ್ಕೆ ಹತ್ತು ಕಿ.ಮೀ. ಸಾಕು ಅನ್ನುವವರು ನನ್ನ ಟ್ರೇ ಕಟ್ಟಬೇಡಿ, ಮಡಚುವ ಸೈಕಲ್ಲನ್ನೇ ಕೊಳ್ಳಿ. ವ್ಯಾನು 5.41 ಮೀಟರಿನದಾದರೆ, ತೂಕಕ್ಕೆ ಪರದಾಡುತ್ತಿದ್ದರೆ, ಸೈಕಲ್ ವಾರಕ್ಕೊಮ್ಮೆ ಮಾತ್ರ ಹೊರಗೆ ಬರುವುದಾದರೆ 6 ಕೆ.ಜಿ.ಯ ಆ ಅಡ್ಡ ಹಲಗೆಯೇ ಸರಿ. ಬೆಟ್ಟ ಹತ್ತುವ ಮೌಂಟನ್ ಬೈಕ್ ಇರುವವರಿಗೆ ನನ್ನ ಅಳತೆ ಹೊಂದುವುದಿಲ್ಲ: ಹ್ಯಾಂಡಲ್ 80 ಸೆಂ.ಮೀ.ವರೆಗೆ ಅಗಲ, ಚಕ್ರ ಬಿಚ್ಚಿದರೂ ಉದ್ದ 1.55 ದಾಟುತ್ತದೆ. ಹಾಸಿಗೆಯನ್ನೇ ಇನ್ನೊಂದು ಗೇಣು ಎತ್ತರಿಸಬೇಕಾದೀತು.

ನಮಗೀಗ ಬಾಕಿ ಇರುವುದು ಮಗಳ ಸೈಕಲ್. ಮುಂದಿನ ವಸಂತಕ್ಕೆ ಅವಳಿಗೆ 24 ಇಂಚಿನದು ಬೇಕು. ಟ್ರೇಯ ಎಡಕ್ಕೆ 21 ಸೆಂ.ಮೀ. ಜಾಗ ಬಿಟ್ಟಿದ್ದೆ. ಹೋದ ಭಾನುವಾರ ಅಪ್ಪ ಮಗಳು ಕೂತು ಫ್ರಿಜ್ಜಿನ ರಟ್ಟಿನ ಪೆಟ್ಟಿಗೆಯಿಂದ ಆ ಸೈಕಲ್ಲಿನ ಆಕಾರ ಕತ್ತರಿಸಿ ಒಳಗೆ ತಳ್ಳಿ ನೋಡಿದೆವು. ಎಡ ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿದರೆ ಹಿಡಿಯುತ್ತದೆ.